ಹೌಜಿನ ಬಲಸುತ್ತು

ಮದರಂಗಿ ಎಂದರೆ ಎಲ್ಲರಿಗೂ ಎಲೆ ನೆನಪಾಗುತ್ತದೆ, ಅರೆದು ಅಂಗೈಗೆ ಹಚ್ಚಿದ ಕೆಂಪು ನೆನಪಾಗುತ್ತದೆ. ಅದಕ್ಕೆ ಹೂವೂ ಬಿಡುತ್ತದೆ ಎಂಬುದು ಅದರ ಬೇಲಿಯ ಪಕ್ಕ ನಿಂತು ಕಾಲ ಕಳೆದವರಿಗೆ ಮಾತ್ರ ಗೊತ್ತು. ಎಳ್ಳಿನಷ್ಟು ಸಣ್ಣ ಹೂವು, ಗೊಂಚಲು ಗೊಂಚಲಾಗಿ ಇರುತ್ತದೆ. ಕಣ್ಣಿಗೆ ಏನೂ ಅಲ್ಲ. ಆದರೆ ಮಳೆ ಬಂದು ನಿಂತ ಸಂಜೆ ಅದರ ವಾಸನೆ ದಾರಿಗೆ ಅಡ್ಡ ಬಂದು ನಿಲ್ಲುತ್ತದೆ.

ಹೋದ ತಿಂಗಳು ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟಿದ್ದೆ. ತವರಿನಲ್ಲಿ ಅಕ್ಕನ ಬಸುರಿ ಮಗಳ ಕುಬಸದ ಕಾರ್ಯವಿತ್ತು. ತೊಡೆಯ ಮೇಲೆ ಉಂಡಿಯ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಬಸ್ಸು ಊರು ದಾಟಿ, ಮಸ್ಕಿ ರಸ್ತೆಯಲ್ಲಿ ಹಳ್ಳ ಇಳಿದು ಏರಿತೋ ಇಲ್ಲವೋ ಗಾಲಿ ಪಂಕ್ಚರ್ ಆಯಿತು. ಎಲ್ಲರೂ ಇಳಿದೆವು. ಗಂಡಸರು ಬೀಡಿ ಹಚ್ಚಿದರು, ಹೆಂಗಸರು ನೆರಳು ಹುಡುಕಿದರು. ಆಗ ಆ ವಾಸನೆ ಬಂತು. ನಾನು ಡಬ್ಬಿಯನ್ನು ಪಕ್ಕದ ಸೀಟಿನಲ್ಲಿದ್ದ ಮುದುಕಿಯ ಕೈಗೆ ಕೊಟ್ಟು, ವಾಸನೆ ಬಂದ ದಿಕ್ಕಿಗೆ ನಡೆದೆ.

ರಸ್ತೆಯ ಬದಿಗೆ ಮದರಂಗಿಯ ನಾಲ್ಕು ಮೋಟು ಗಿಡಗಳು ಉಳಿದಿದ್ದವು. ಅವುಗಳ ಆಚೆ ಶೇಂಗಾದ ಹೊಲ, ಅಂಗೈಯ ಹಾಗೆ ಸಮ. ಇಲ್ಲಿ ಬಾಗು ಎಂದು ಕರೆಯುವ ದೊಡ್ಡ ತೋಟ ಇತ್ತೆಂದು ಯಾರಿಗಾದರೂ ಹೇಳಿದರೆ ನಂಬುವಂತಿರಲಿಲ್ಲ.

ನಾನು ಸೊಸೆಯಾಗಿ ಲಿಂಗಸುಗೂರಿಗೆ ಬಂದದ್ದು ಸಾವಿರದ ಒಂಬೈನೂರ ಐವತ್ತರ ಬೇಸಿಗೆಯಲ್ಲಿ. ನಿಜಾಮರ ಆಳ್ವಿಕೆ ಮುಗಿದಿತ್ತು, ಜಹಗೀರುಗಳು ಹೋಗಿದ್ದವು. ಆ ಬಾಗಿನ ಒಡೆಯರಾಗಿದ್ದ ಜಹಗೀರದಾರರು ದೇವಡಿ ಎನ್ನುವ ತಮ್ಮ ದೊಡ್ಡ ಮನೆಗೆ ಬೀಗ ಹಾಕಿಕೊಂಡು ಹೈದರಾಬಾದು ಸೇರಿದ್ದರು. ಉಳಿದದ್ದು ಮಾವು, ಸೀತಾಫಲ, ಹುಣಸೆಯ ಮರಗಳು, ಸುತ್ತ ಆಳೆತ್ತರದ ಮದರಂಗಿಯ ಬೇಲಿ, ನಡುವೆ ಕಲ್ಲು ಕಟ್ಟಿದ ಚೌಕದ ನೀರಿನ ಹೌಜು, ಮತ್ತೆ ಇವೆಲ್ಲವನ್ನೂ ನೋಡಿಕೊಳ್ಳುತ್ತಿದ್ದ ಮಾಲಿ ಕರೀಂಸಾಬ.

ಜಹಗೀರದಾರರು ಇದ್ದಾಗ ಬೇಸ್ತವಾರ ಮಧ್ಯಾಹ್ನ ಬಾಗು ಜನಾನಾದವರ ಪಾಲು. ಬೇಗಂ ಸಾಹೇಬರು, ಅವರ ಸೊಸೆಯಂದಿರು, ಮಕ್ಕಳು ಹೌಜಿನ ಸುತ್ತ ತಿರುಗಾಡುವ ಹೊತ್ತು ಅದು. ಆ ಹೊತ್ತಿನಲ್ಲಿ ಗಂಡಾಳು ಒಳಗೆ ಕಾಲಿಡುವಂತಿರಲಿಲ್ಲ. ಕಪಿಲೆ ಬಾವಿಯಿಂದ ನೀರೆಳೆಯುವ ಎತ್ತುಗಳಿಗೂ ಅಂದು ಬಿಡುವು. ಹೋಗುವಾಗ ಬೇಗಮ್ಮರು ಕರೀಂಸಾಬನನ್ನು ಕರೆದು, ಬೇಸ್ತವಾರದ ತಿರುಗಾಟ ನಿಲ್ಲಿಸಬೇಡ, ಊರಿನ ಹೆಣ್ಣುಮಕ್ಕಳಾದರೂ ತಿರುಗಲಿ ಎಂದು ಹೇಳಿ ಹೋದರಂತೆ. ಅವನು ಆ ಮಾತು ಬಿಡಲಿಲ್ಲ. ಸಂಬಳ ಕೊಡುವವರು ಯಾರೆಂದು ಗೊತ್ತಿಲ್ಲದ ಕಾಲದಲ್ಲೂ ಬೇಸ್ತವಾರ ಮಧ್ಯಾಹ್ನ ಗೇಟು ತೆಗೆದು ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ. ಕಾಲ ಬದಲಾಯಿತೆಂದು ಒಂದಿಷ್ಟು ಸಡಿಲಿಸಿದ್ದ: ತಾಯಿ, ಹೆಂಡತಿ, ಮಕ್ಕಳ ಜೊತೆ ಬಂದರೆ ಗಂಡಸರಿಗೂ ಒಳಗೆ ದಾರಿ. ಒಂಟಿ ಗಂಡಸಿಗೆ ಮಾತ್ರ ಇಲ್ಲವೇ ಇಲ್ಲ.

ಇದರಿಂದ ಬೇಸ್ತವಾರ ಊರಿನ ಕೂಸುಗಳಿಗೆ ಎಲ್ಲಿಲ್ಲದ ಬೇಡಿಕೆ. ಮದುವೆಯಾಗದ ಮಾಸ್ತರರೊಬ್ಬರು ಪ್ರತಿ ವಾರ ಒಂದೊಂದು ಮನೆಯ ಕೂಸನ್ನು ಎತ್ತಿಕೊಂಡು ಬರುತ್ತಿದ್ದರು.

"ಮಾಸ್ತರ್ ಸಾಬ್, ಹ್ವಾದ ವಾರ ಹೆಣ್ಣಕೂಸು ಇತ್ತಲ್ರೀ?" ಎಂದು ಕರೀಂಸಾಬ ಕೇಳುತ್ತಿದ್ದ.

"ಅದು ಪೋಸ್ಟಿನವರ ಮಗಳು. ಇದು ನಮ್ಮ ಓಣಿದು. ನನ್ನ ಮ್ಯಾಲ ಭಾಳ ಜೀವ ಇದಕ್ಕ."

"ಜೀವ ಇದ್ರ ಯಾಕ ಹಿಂಗ ಅಳಾಕತ್ತೈತಿ?"

"ಬಾಗಿನ ಒಳಗ ಹೋಗೂನಂತ ಅಳಾಕತ್ತೈತಿ, ಬಿಡೋ ಮಾರಾಯ."

ಬಿಡುತ್ತಿದ್ದ. ಕೂಸು ಇದ್ದರೆ ಸಾಕು, ಅವನ ಕಾಯಿದೆಗೆ ಭಂಗವಿಲ್ಲ.

ನಮ್ಮ ಮನೆಯಲ್ಲಿ ನಾವು ನಾಲ್ಕು ಜನ. ಅತ್ತೆ, ನಮ್ಮ ಯಜಮಾನರು, ಅವರ ತಂಗಿ ಶರಣಮ್ಮ, ನಾನು. ಮಾವನವರು ತೀರಿಕೊಂಡಿದ್ದರು. ಯಜಮಾನರು ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಶರಣಿ ನನಗಿಂತ ಒಂದು ವರ್ಷಕ್ಕೆ ಸಣ್ಣವಳು, ಹದಿನೆಂಟು ತುಂಬಿತ್ತು. ಮೂರು ವರ್ಷದ ಕೂಸಿದ್ದಾಗ ಜ್ವರ ಬಂದು ಎಡಗಾಲು ಸೊರಗಿ, ಬಲಗಾಲಿಗಿಂತ ಒಂದೂವರೆ ಬೆರಳು ಗಿಡ್ಡವಾಗಿ ನಿಂತುಬಿಟ್ಟಿತ್ತು. ನಡೆದರೆ ಎಡಕ್ಕೆ ಕುಸಿದು ಏಳುತ್ತಿದ್ದಳು. ಮಾತಿನಲ್ಲಿ ಮಾತ್ರ ಯಾರ ಮುಂದೂ ಕುಸಿದವಳಲ್ಲ. ಶಾಲೆಯಲ್ಲಿ ಉರ್ದು ಒಂದೇ ಇದ್ದ ಆ ದಿನಗಳಲ್ಲಿ ಮಾವನವರು ಮಗಳಿಗೆ ಮನೆಯಲ್ಲೇ ಮರಳಿನ ಮೇಲೆ ಕನ್ನಡದ ಅಕ್ಷರ ತಿದ್ದಿಸಿದ್ದರಂತೆ. ನಮ್ಮ ಓಣಿಗೆ ಬರುವ ಕನ್ನಡದ ಕಾಗದಗಳನ್ನೆಲ್ಲ ಓದಿ ಹೇಳುವವಳು ಅವಳೇ.

ನಾನು ಬಂದ ಎರಡನೆಯ ದಿನವೇ ನೀರಿಗೆ ಹೊರಟಾಗ ಅವಳು ನನ್ನ ಎಡಬಲ ನೋಡಿ, "ವೈನೀ, ನೀವು ನನ್ನ ಎಡಕ್ಕ ಬರ್ರಿ. ನಿಮ್ಮ ಬಲಗೈ ಇವತ್ತಿನಿಂದ ನಂದು" ಎಂದು ನನ್ನ ತೋಳು ಹಿಡಿದಳು. ಅಂದಿನಿಂದ ಹೊರಗೆ ಎಲ್ಲಿ ಹೋದರೂ ಹಾಗೆಯೇ. ಅವಳು ಕುಸಿದಾಗ ನನ್ನ ತೋಳಿನ ಮೇಲೆ ಭಾರ ಬೀಳುವುದು, ಎದ್ದಾಗ ಹಗುರಾಗುವುದು. ಆ ಲೆಕ್ಕ ನನ್ನ ಮೈಗೆ ಎಷ್ಟು ಒಗ್ಗಿಹೋಯಿತೆಂದರೆ ಒಬ್ಬಳೇ ನಡೆದಾಗ ದಾರಿ ತಪ್ಪಿದಂತೆ ಅನ್ನಿಸುತ್ತಿತ್ತು.

ನಮ್ಮ ಮನೆಯ ಕಟ್ಟೆಯ ಕೆಳಗೆ ಒಂದೇ ಜೊತೆ ಚಪ್ಪಲಿ ಇರುತ್ತಿದ್ದವು, ಯಜಮಾನರವು. ಹೆಂಗಸರು ಮೂವರದೂ ಬರಿಗಾಲು. ಹಿರಿಯರ ಮುಂದೆ ಹೆಣ್ಣುಮಕ್ಕಳು ಚಪ್ಪಲಿ ಮೆಟ್ಟಿ ನಡೆಯುವುದೆಂದರೆ ನಮ್ಮವರಲ್ಲಿ ಸಣ್ಣ ಅವಮರ್ಯಾದೆಯಲ್ಲ. ಚೈತ್ರದ ಬಿಸಿಲಿಗೆ ಕಲ್ಲು ಕಾದು ಅಂಗಾಲು ಸುಟ್ಟರೂ ಸೆರಗು ಸರಿಮಾಡಿಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆವೇ ಹೊರತು ಚಪ್ಪಲಿಯ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಈ ಮಾತು ಈಗಲೇ ಹೇಳಿರುತ್ತೇನೆ, ಮುಂದೆ ಬೇಕಾಗುತ್ತದೆ.

ಶ್ರಾವಣದ ಮೊದಲ ಬೇಸ್ತವಾರ ಅತ್ತೆ ನಮ್ಮನ್ನು ಬಾಗಿಗೆ ಕರೆದುಕೊಂಡು ಹೋದರು. ಬುಟ್ಟಿಯಲ್ಲಿ ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇತ್ತು. ಯಜಮಾನರು ಕೊಡೆ ಹಿಡಿದು ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದರು. ಬಾಗಿನಲ್ಲಿ ಮಕ್ಕಳು ಹುಣಸೆಯ ಬೇರಿನ ಮೇಲೆ ಕುಣಿಯುತ್ತಿದ್ದವು, ಹೆಂಗಸರು ಸೆರಗಿನಲ್ಲಿ ಮದರಂಗಿ ಎಲೆ ಕಿತ್ತುಕೊಳ್ಳುತ್ತಿದ್ದರು. ಆಮೇಲೆ ಎಲ್ಲರೂ ಹೌಜಿನ ಸುತ್ತ ತಿರುಗುವುದು. ಯಾರೂ ಹೇಳಿಕೊಡದೆ ಎಲ್ಲರೂ ಬಲಕ್ಕೇ ತಿರುಗುತ್ತಿದ್ದರು, ಗುಡಿ ಸುತ್ತಿದ ರೂಢಿಯಲ್ಲಿ, ನೀರನ್ನು ಬಲಗೈಗೆ ಇಟ್ಟುಕೊಂಡು.

ನಾವೂ ಹೊರಟೆವು. ಶರಣಿ ನೀರಿನ ಕಡೆಗೆ, ನಾನು ಅವಳ ಎಡಕ್ಕೆ, ಹೊರಬದಿಗೆ. ಒಂದು ಮಗ್ಗುಲು ನಡೆದು ಮೂಲೆ ತಿರುಗುವಾಗ ನನಗೆ ಏನೋ ಕಳೆದುಕೊಂಡ ಹಾಗಾಯಿತು. ನೋಡಿದರೆ ನನ್ನ ತೋಳು ಖಾಲಿ. ಶರಣಿ ಕೈ ಬಿಟ್ಟಿದ್ದಾಳೆ. ಬಿಟ್ಟು, ಎರಡೂ ಕೈ ಬೀಸಿಕೊಂಡು, ನನ್ನ ಪಕ್ಕದಲ್ಲೇ ಸಮನಾಗಿ ನಡೆಯುತ್ತಿದ್ದಾಳೆ. ಎಲ್ಲ ಹುಡುಗಿಯರ ಹಾಗೆ.

ನಾನು ನಿಂತುಬಿಟ್ಟೆ. ಅವಳು ನನ್ನ ಮುಖ ನೋಡಿ ನಕ್ಕಳು.

"ಕಲ್ಲು ನೋಡ್ರಿ ವೈನಿ" ಎಂದಳು.

ನೋಡಿದೆ. ಸುತ್ತಿನ ದಾರಿಗೆ ಹಾಸಿದ ಕಲ್ಲು ಹೌಜಿನ ಕಡೆಗೆ ಓರೆ ಇತ್ತು. ಮಳೆಯ ನೀರು ಒಂದು ಹನಿಯೂ ಹೊರಗೆ ಹೋಗದೆ ಹೌಜಿಗೆ ಇಳಿಯಲೆಂದು ಕಟ್ಟಿದವರು ಹಾಗೆ ಹಾಸಿದ್ದರು. ಬಲಕ್ಕೆ ಸುತ್ತಿದರೆ ಬಲಗಾಲು ತಗ್ಗಿಗೆ, ಎಡಗಾಲು ಎತ್ತರಕ್ಕೆ. ಅವಳ ಗಿಡ್ಡ ಕಾಲಿಗೆ ನೆಲವೇ ಎದ್ದು ಬಂದು ಕೈ ಕೊಟ್ಟಿತ್ತು.

"ಯಾರಿಗೂ ಹೇಳಬ್ಯಾಡ್ರಿ" ಎಂದಳು. "ಅಪ್ಪ ಇದ್ದಾಗಿಂದ ನನಗ ಗೊತ್ತು. ಯವ್ವಗ ಹೇಳಿದ್ರ ದಿನಾ ಇದರ ಮ್ಯಾಲ ನಡಸ್ತಾಳ. ಈಗ ನಾ ತಿರಗಾಡಾಕ ಬರ್ತೀನಿ. ಆಮ್ಯಾಲ ಅದು ಕೆಲಸ ಆಗ್ತೈತಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಶ್ರಾವಣ, ಭಾದ್ರಪದ, ಆಶ್ವೀಜ. ನನ್ನ ಜೀವಮಾನದಲ್ಲಿ ಅಷ್ಟು ಬೇಸ್ತವಾರಗಳನ್ನು ನಾನು ಮತ್ತೆಂದೂ ಎಣಿಸಿಲ್ಲ. ಬುಧವಾರ ಸಂಜೆ ಮೋಡ ಕಟ್ಟಿದರೆ ಇಬ್ಬರೂ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದೆವು. ಮಳೆ ಜೋರಾದ ವಾರ ಹೌಜು ತುಂಬಿ ಮೆಟ್ಟಿಲು ಮುಳುಗುತ್ತಿತ್ತು, ನೀರಿನ ಮೇಲೆ ಮಾವಿನ ಎಲೆ ತೇಲುತ್ತಿದ್ದವು. ಸೀತಾಫಲ ಕಣ್ಣು ಬಿಡುವ ಹೊತ್ತಿಗೆ ಕರೀಂಸಾಬ ಮನೆಗೆ ಎರಡೆರಡರಂತೆ ಕೊಡುತ್ತಿದ್ದ. ಕಲ್ಲಿನ ಮೇಲೆ ಕೂತು ತಿಂದು ಬೀಜವನ್ನು ಯಾರು ದೂರ ಉಗುಳುತ್ತಾರೆಂದು ಪಂದ್ಯ ಕಟ್ಟುತ್ತಿದ್ದೆವು. ಶರಣಿ ಗೆಲ್ಲುತ್ತಿದ್ದಳು. ಅತ್ತೆ ದೂರದಿಂದ, "ಏ, ಯಾರಾರ ನೋಡ್ಯಾರು, ಹೆಣಮಕ್ಕಳ ಹಂಗ ಇರ್ರೇ" ಎನ್ನುತ್ತಿದ್ದರು. ನಮ್ಮ ಯಜಮಾನರು ಕೂಡ ಅಲ್ಲಿ ಒಂದೆರಡು ಸಲ ಹೆಜ್ಜೆ ನಿಧಾನ ಮಾಡಿ, ನಾನು ಹತ್ತಿರ ಬರುವ ತನಕ ನಿಂತು, ಗಿಡ ನೋಡಿದಂತೆ ಮಾಡಿ ಮಾತಾಡಿದ್ದುಂಟು. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡದ ಮನೆಯಲ್ಲಿ ಅದೇ ದೊಡ್ಡದು.

ಹೌಜಿನಿಂದ ದೂರ, ಕಪಿಲೆ ಬಾವಿಯ ದಿಬ್ಬದ ಆಚೆ ದುರುಗಪ್ಪ ಕೂತಿರುತ್ತಿದ್ದ. ಎತ್ತು ಎಳೆದು ನೀರು ತರುವ ತೊಗಲಿನ ಚೀಲ ವಾರವಿಡೀ ಕಲ್ಲಿಗೆ ತಾಗಿ ಹರಿದಿರುತ್ತಿತ್ತು. ಎತ್ತಿಗೆ ಬಿಡುವಿದ್ದ ಬೇಸ್ತವಾರವೇ ಅದನ್ನು ಹೊಲಿಯುವ ದಿನ. ಗಂಡಸೆಂದು ಕರೀಂಸಾಬ ಅವನನ್ನು ದಾರಿಗೆ ಬೆನ್ನು ಮಾಡಿ ಕೂಡಿಸಿದ್ದ. ಅವನು ಹತ್ತಿರ ಬಾರದಿರಲು ಊರು ಹೇಳುವ ಕಾರಣ ಬೇರೆಯೇ ಇತ್ತು, ಅದನ್ನು ಆಗ ನಾವು ಯಾರೂ ಕಾರಣವೆಂದು ಕೂಡ ಎಣಿಸುತ್ತಿರಲಿಲ್ಲ. ಬಿಳಿ ಕೂದಲಿನ ಅವನ ತಲೆಯ ಹಿಂಭಾಗ, ಏರಿ ಇಳಿಯುವ ಮೊಣಕೈ, ಇಷ್ಟೇ ನಮಗೆ ಕಾಣುತ್ತಿದ್ದದ್ದು.

ಇದರ ನಡುವೆ ಶರಣಿಯನ್ನು ನೋಡಲು ಎರಡು ಕಡೆಯವರು ಬಂದು ಹೋದರು. ಹೆಣ್ಣು ನೋಡುವಾಗ ನಡಿಗೆ ನೋಡುವುದು ನಮ್ಮ ಕಡೆ ಪದ್ಧತಿ. ಅವಲಕ್ಕಿ ತಟ್ಟೆ ಇಟ್ಟ ಮೇಲೆ ಬಂದವರಲ್ಲಿ ಹಿರಿಯ ಹೆಂಗಸು, "ನಾಕ ಹೆಜ್ಜಿ ನಡೀಲಿ" ಎನ್ನುತ್ತಾಳೆ. ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯಬೇಕು. ಶರಣಿ ನಡೆದಳು. ಅವರು ಅವಲಕ್ಕಿ ತಿಂದು, ಹೇಳಿ ಕಳಸ್ತೀವಿ ಎಂದು ಹೋದರು. ಎರಡು ಸಲವೂ ಅಷ್ಟೇ.

ಎರಡನೆಯವರು ಹೋದ ಮರುದಿನ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಅತ್ತೆ, ನಾನು ಎದುರು ಬದುರು ಕೂತಿದ್ದೆವು. ಅತ್ತೆ ಬೀಸುತ್ತ ಬೀಸುತ್ತ ನಿಲ್ಲಿಸಿದರು. ಹಾಡು ಮರೆತರೇನೋ ಎಂದುಕೊಂಡೆ. ಕಣ್ಣಿನ ನೀರು ಹಿಟ್ಟಿನಲ್ಲಿ ಬೀಳುತ್ತಿತ್ತು.

"ಎಷ್ಟ ಎಣ್ಣಿ ತಿಕ್ಕಿಸಿದ್ನವಾ. ಎಷ್ಟ ಹರಕಿ ಹೊತ್ನಿ" ಎಂದರು. "ನಾ ಸತ್ತ ಮ್ಯಾಲ ಅಕಿ ಯಾರ ತೋಳ ಹಿಡೀಬೇಕು? ನಿನಗ ನಾಳೆ ಮಕ್ಕಳಾಗ್ತಾವ. ನಿನ್ನ ಕೈಯಾಗ ಕೂಸು ಇರ್ತೈತಿ."

ನನಗೆ ತಡೆಯಲಾಗಲಿಲ್ಲ. ಅತ್ತೆಯನ್ನು ಸಮಾಧಾನ ಮಾಡಬೇಕೆಂಬುದೂ ಇತ್ತು, ಹೊಸ ಸೊಸೆ ಅವರ ಕಣ್ಣಿಗೆ ಒಳ್ಳೆಯವಳಾಗಿ ಕಾಣಬೇಕೆಂಬುದೂ ಇತ್ತು. ಎರಡನೆಯದು ಎಷ್ಟಿತ್ತೆಂದು ಇವತ್ತಿಗೂ ನನಗೆ ತಿಳಿಯದು. ಹೌಜಿನ ಕಲ್ಲಿನ ಸಂಗತಿ ಹೇಳಿಬಿಟ್ಟೆ.

ಅತ್ತೆ ಕಣ್ಣು ಒರೆಸಿಕೊಂಡು ಬೀಸತೊಡಗಿದರು. ಆ ದಿನದ ಹಿಟ್ಟು ಬೇಗ ಆಯಿತು.

ಆಮೇಲೆ ಬೇಸ್ತವಾರಗಳು ಬೇರೆಯಾದವು. ಅತ್ತೆ ಹೌಜಿನ ಮೂಲೆಯ ಕಲ್ಲಿನ ಬೆಂಚಿನ ಮೇಲೆ ಕೂತು, "ಇನ್ನೊಂದು ಸುತ್ತು. ತಲಿ ಎತ್ತು. ಕೈ ಬೀಸಬ್ಯಾಡ" ಎಂದು ಹೇಳುತ್ತಿದ್ದರು. ಶರಣಿ ಹೇಳಿದಂತೆ ನಡೆದಳು. ನನ್ನ ಕಡೆ ಒಂದೇ ಸಲ ನೋಡಿದಳು, ಮೊದಲ ದಿನ. ಬೈಯಲಿಲ್ಲ. ಸೀತಾಫಲದ ಬೀಜ ಉಗುಳುವ ಪಂದ್ಯ ಮಾತ್ರ ಅಲ್ಲಿಗೆ ನಿಂತಿತು. ಹಣ್ಣಿನ ಕಾಲವೂ ಮುಗಿಯುತ್ತ ಬಂದಿತ್ತೆಂದು ನನಗೆ ನಾನೇ ಹೇಳಿಕೊಂಡೆ.

ದೀಪಾವಳಿ ಆದ ಮೇಲೆ ಪಾಮನಕಲ್ಲೂರಿನ ಒಂದು ಮನೆತನದಿಂದ ಮಾತು ಬಂತು. ಹೊಲ ಮನೆ ಇದ್ದವರು. ಅತ್ತೆ ಹೇಳಿ ಕಳಿಸಿದರು: ಮನೆ ಇಕ್ಕಟ್ಟು, ಬೇಸ್ತವಾರ ಬಾಗಿಗೇ ಬರ್ರಿ, ತಿರುಗಾಡಿದ ಹಾಗೂ ಆಗ್ತೈತಿ, ನೋಡಿದ ಹಾಗೂ ಆಗ್ತೈತಿ. ಅವರಿಗೂ ಆ ಬಾಗು ಒಳಗಿನಿಂದ ನೋಡುವ ಆಸೆ. ಒಪ್ಪಿದರು.

ಹುಡುಗ, ಅವನ ತಾಯಿ, ಸೋದರಮಾವ ಬಂಡಿ ಕಟ್ಟಿಕೊಂಡು ಬಂದರು. ಕರೀಂಸಾಬ ಗೇಟಿನಲ್ಲಿ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ತಾಯಿ ಅದಾರ, ಹೋಗ್ರಿ" ಎಂದ. ಅವರನ್ನು ಕಲ್ಲಿನ ಬೆಂಚಿನ ಮೇಲೆ ಕೂಡಿಸಿದೆವು. ಅತ್ತೆ ಅವಲಕ್ಕಿ ಕೊಟ್ಟರು. ಹುಡುಗನ ತಾಯಿ ಹೌಜು ನೋಡಿ, ಗಿಡ ನೋಡಿ, ಕೊನೆಗೆ ಹೇಳಬೇಕಾದ್ದನ್ನು ಹೇಳಿದರು.

"ಹುಡುಗಿ ನಾಕ ಹೆಜ್ಜಿ ನಡೀಲಿ ರೀ."

"ನಾಕ ಯಾಕ? ಒಂದು ಸುತ್ತೇ ಬರ್ಲಿ" ಎಂದರು ಅತ್ತೆ.

ನಾವಿಬ್ಬರೂ ಹೊರಟೆವು, ಬಲಕ್ಕೆ. ಶರಣಿ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಬಿಸಿಲು ನೀರಿನ ಮೇಲಿಂದ ಅವಳ ಮುಖಕ್ಕೆ ಬೀಳುತ್ತಿತ್ತು. ಅಷ್ಟು ಚೆಂದ ಅವಳು ಎಂದೂ ನಡೆದಿರಲಿಲ್ಲ. ಹಿಂದಿನಿಂದ ಆ ತಾಯಿ ತಮ್ಮ ಅಣ್ಣನಿಗೆ, "ಕೆಟ್ಟ ಮಂದಿ, ಹುಡುಗಿ ಕುಂಟಂತ ಸುಳ್ಳ ಹೇಳ್ಯಾರ ನೋಡು" ಎಂದದ್ದು ನನಗೆ ಕೇಳಿಸಿತು. ಶರಣಿಗೂ ಕೇಳಿಸಿತು.

ಮೊದಲ ಮೂಲೆ ಬಂತು. ಅಲ್ಲಿ ಬಲಕ್ಕೆ ಹೊರಳಬೇಕು. ಶರಣಿ ನಿಂತಳು. ನಾನು ಒಂದು ಹೆಜ್ಜೆ ಮುಂದೆ ಹೋಗಿದ್ದೆ. ನೋಡುವಷ್ಟರಲ್ಲಿ ಅವಳು ಬಂದ ದಾರಿಗೇ ತಿರುಗಿ, ಒಬ್ಬಳೇ, ಬೆಂಚಿನ ಕಡೆಗೆ ಹೊರಟಿದ್ದಳು. ಈಗ ನೀರು ಅವಳ ಎಡಕ್ಕೆ. ಗಿಡ್ಡ ಕಾಲು ತಗ್ಗಿಗೆ. ಮನೆಯಲ್ಲಿ ಕುಸಿಯುವುದರ ಎರಡರಷ್ಟು ಕುಸಿಯುತ್ತ, ಏಳುತ್ತ, ಆ ಮಗ್ಗುಲನ್ನು ಪೂರ್ತಿ ನಡೆದಳು. ನಾನು ಓಡಿ ತೋಳು ಕೊಡಬೇಕೆಂದುಕೊಂಡೆ. ಅವಳು ಕೇಳಿರಲಿಲ್ಲ.

ಬೆಂಚಿನ ಮುಂದೆ ನಿಂತು ಹೇಳಿದಳು: "ಅದು ಕಲ್ಲಿನ ನಡಿಗಿ ರೀ. ನಂದು ಇದು."

ಹುಡುಗ ನೀರು ನೋಡುತ್ತ ಕೂತ. ಅವನ ತಾಯಿ ಎದ್ದು ಶರಣಿಯ ತಲೆಯ ಮೇಲೆ ಕೈ ಇಟ್ಟು, "ಖರೇ ಹೇಳಿದಿ ಮಗಳ, ದೇವರು ನಿನಗ ಚಲೋ ಮಾಡಲಿ" ಎಂದರು. ಅಣ್ಣನಿಗೆ, "ಬಿಸಲ ಇಳೀತು, ಬಂಡಿ ಹೂಡು" ಎಂದರು. ಕೆಟ್ಟವರೇನಲ್ಲ. ಆದರೆ ಬಂಡಿ ಹೂಡಿದರು.

ಮನೆಗೆ ಬರುವ ದಾರಿಯಲ್ಲಿ ಶರಣಿ ಎಂದಿನಂತೆ ನನ್ನ ತೋಳು ಹಿಡಿದಳು. ಹಳ್ಳ ದಾಟಿದ ಮೇಲೆ ಕೇಳಿದೆ, ಯಾಕೆ ಹಾಗೆ ಮಾಡಿದೆ ಎಂದು.

"ಪಾಮನಕಲ್ಲೂರಾಗ ಅವರ ಮನಿ ಸುತ್ತ ಹೌಜು ಐತೇನ್ರಿ ವೈನಿ?" ಎಂದಳು.

ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಅವಳೇ, "ನೀವು ಹೇಳಿದ್ದಕ್ಕ ಸಿಟ್ಟಿಲ್ಲ. ಆದ್ರ ನಡಿಗಿ ಮರತ ನಡಿಯೂ ಜಾಗ ನನಗ ಒಂದ ಇತ್ತು" ಎಂದಳು. ತೋಳಿನ ಮೇಲೆ ಭಾರ ಬಿತ್ತು, ಹಗುರಾಯಿತು. ಅವಳ ನೂರು ಬೈಗುಳ ಆ ಒಂದು ಮಾತಿಗಿಂತ ಮೇಲಾಗುತ್ತಿತ್ತು.

ಮುಂದಿನ ಬೇಸ್ತವಾರ ಯಾರೂ ಬಾಗಿನ ಹೆಸರು ಎತ್ತಲಿಲ್ಲ. ಅದರ ಮುಂದಿನದೂ ಹಾಗೇ ಹೋಯಿತು. ಚಳಿ ಬಿದ್ದು, ಹೊಲದಲ್ಲಿ ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತಿಗೆ ಅತ್ತೆಯೇ, "ಮದರಂಗಿ ತರಬೇಕು, ನಡೀರಿ" ಎಂದರು. ಮದರಂಗಿ ಬೇಕಾಗಿರಲಿಲ್ಲ.

ನಾವು ಮೂವರೂ ಗೇಟು ದಾಟಿ ಹೋಗುವಾಗ, ಬಾವಿಯ ಕಾಲುವೆಯ ನೀರು ಉಕ್ಕಿ ದಾರಿ ಹಸಿಯಾಗಿದ್ದ ಒಂದು ಕಡೆ ಕರೀಂಸಾಬ ಅಡ್ಡ ನಿಂತ.

"ಅಮ್ಮಾರ, ಬೈಬ್ಯಾಡ್ರಿ. ದುರುಗಪ್ಪ ಒಂದ ಮಾತು ಕೇಳಂತಾನ. ಮೂರು ತಿಂಗಳಿಂದ ಅನ್ನಾಕತ್ಯಾನ, ನಾನ ಸುಮ್ಮಕ ಇರೋ ಅಂದಿದ್ದೆ."

ದುರುಗಪ್ಪ ಬಾವಿಯ ದಿಬ್ಬದ ಮೇಲೆ ನಿಂತಿದ್ದ. ಮೊದಲ ಸಲ ಅವನ ಮುಖ ಕಂಡಿತು. ನಮ್ಮ ಕಡೆ ನೋಡದೆ ನೆಲಕ್ಕೆ ಹೇಳಿದ.

"ಎವ್ವಾ, ಬೇಸ್ತವಾರ ಸಂಜಿಕ ನೀವು ಹ್ವಾದ ಮ್ಯಾಲ ನಾ ಈ ದಾರೀಲೆ ಹೋಗ್ತೀನ್ರಿ. ಹಸಿ ಮಣ್ಣಾಗ ಹೆಜ್ಜಿ ಮೂಡಿರ್ತಾವ. ಒಬ್ಬರ ಎಡಗಾಲಿಂದು ಬೆರಳಷ್ಟ ಮೂಡ್ತಾವ, ಹಿಮ್ಮಡ ಮೂಡೂದಿಲ್ಲ. ಸಣ್ಣವ್ವಾರದ ಇರಬೇಕಂತ ಅಂದ್ಕೊಂಡೆ. ಆ ಹಿಮ್ಮಡದ ಕೆಳಗ ಒಂದರ ಮ್ಯಾಲ ಒಂದು ಮೂರು ಅಟ್ಟಿ ತೊಗಲು ಹೆಚ್ಚಿಟ್ಟು ಚಪ್ಪಲಿ ಹೊಲದ್ರ ನೆಟ್ಟಗ ನಡೀತಾರ್ರಿ."

ಅತ್ತೆ ಮಗಳ ಕಾಲು ನೋಡಿದರು.

"ಮೊದಲ ಯಾಕ ಹೇಳ್ಲಿಲ್ಲೋ?" ಎಂದರು.

"ನಿಮ್ಮಂಥೋರ ಹೆಣಮಕ್ಕಳ ಕಾಲಿನ ಮಾತು ನಾ ಹ್ಯಾಂಗ ಆಡ್ಲೆವ್ವಾ."

ಅತ್ತೆ ಅಲ್ಲೇ ಕಾಲುವೆಯ ದಂಡೆಯ ಮೇಲೆ ಕೂತರು. "ಹದಿನೈದ ವರ್ಷ ವೈದ್ಯರಿಗೆ ತೋರಿಸಿದೆ, ಎಣ್ಣಿ ತಿಕ್ಕೋರಿಗೆ ತೋರಿಸಿದೆ, ಕಂಡ ದೇವರಿಗೆಲ್ಲ ತೋರಿಸಿದೆ" ಎಂದರು, ಯಾರಿಗೆಂದು ಇಲ್ಲ. "ಚಪ್ಪಲಿ ಹೊಲಿಯೋನಿಗೆ ತೋರಿಸಲಿಲ್ಲ. ನನ್ನ ಮುಂದ ಮಗಳು ಚಪ್ಪಲಿ ಮೆಟ್ಟಿ ನಡದ್ರ ನನ್ನ ಮಾನ ಹೋಗ್ತೈತಂತ."

ಶರಣಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಎದ್ದು ಮಗಳ ಕೈ ಹಿಡಿದು ಹಸಿ ಮಣ್ಣಿನ ಹತ್ತಿರ ಕರೆದೊಯ್ದರು. "ನಿಂದ್ರು, ಎರಡೂ ಕಾಲು ಊರಿ ನಿಂದ್ರು" ಎಂದರು.

ಶರಣಿ ನಿಂತು ಸರಿದಳು. ನಾವು ಹಿಂದೆ ಸರಿದ ಮೇಲೆ ದುರುಗಪ್ಪ ಇಳಿದು ಬಂದು ಆ ಎರಡು ಹೆಜ್ಜೆಗಳ ಮುಂದೆ ಮೊಣಕಾಲೂರಿ ಕೂತ. ಜೋಳದ ದಂಟಿನ ತುಂಡಿನಿಂದ ಉದ್ದ ಅಳೆದ, ಅಗಲ ಅಳೆದ. ಹಿಮ್ಮಡ ಮೂಡದ ಜಾಗದಲ್ಲಿ ಬೆರಳು ಅಡ್ಡ ಹಿಡಿದು ಆಳ ಅಳೆದ. ಅವಳ ಕಾಲು ಮುಟ್ಟಲಿಲ್ಲ. ಮುಟ್ಟುವಂತಿರಲಿಲ್ಲ. ಅವಳ ಕಾಲನ್ನು ಅಷ್ಟು ಸರಿಯಾಗಿ ತಿಳಿದವನು ಮಣ್ಣನ್ನು ಮಾತ್ರ ಮುಟ್ಟಬೇಕಾಗಿತ್ತೆಂಬುದು ಆಗ ನನಗೆ ಸಹಜವೆನ್ನಿಸಿತ್ತು. ಈಗ ನೆನೆದರೆ ತಲೆ ತಗ್ಗುತ್ತದೆ.

ಸಂಕ್ರಾಂತಿಯ ಹಿಂದಿನ ದಿನ ಚಪ್ಪಲಿ ಬಂದವು. ಬಾವಿಯ ಹಳೆಯ ಚೀಲದ ತೊಗಲಿನಿಂದ ಮಾಡಿದ್ದ. ವರ್ಷಗಟ್ಟಲೆ ನೀರು, ಎಣ್ಣೆ ಕುಡಿದು ಮೆತ್ತಗಾದ ತೊಗಲು, ಬಾವಿಯದೇ ವಾಸನೆ. ಎಡಗಾಲಿನದು ಹಿಮ್ಮಡದಲ್ಲಿ ದಪ್ಪ, ಮುಂದಕ್ಕೆ ಬಂದಂತೆ ತೆಳ್ಳಗೆ, ಹೊಲಿಗೆ ಎಲ್ಲಿದೆಯೆಂದು ಹುಡುಕಬೇಕು. ಅತ್ತೆ ಅವನ್ನು ಕಟ್ಟೆಯ ಕೆಳಗೆ ಮಗನ ಚಪ್ಪಲಿಯ ಪಕ್ಕಕ್ಕೆ ಇಟ್ಟರು. ಇಟ್ಟು, ಬಾಗಿಲ ಹೊರಗೆ ಬಂದು, ಓಣಿಯವರೆಲ್ಲ ಕಾಣುವಂತೆ ಕಟ್ಟೆಯ ಮೇಲೆ ಕೂತರು.

"ಮೆಟ್ಟು" ಎಂದರು. "ನನ್ನ ಮುಂದ ನಡಿ."

ಶರಣಿ ಮೆಟ್ಟಿದಳು. ನಾನು ರೂಢಿಯಂತೆ ಅವಳ ಎಡಕ್ಕೆ ಹೋಗಿ ತೋಳು ಕೊಟ್ಟೆ. ಅವಳು ಹಿಡಿದಳು, ನಾಲ್ಕು ಹೆಜ್ಜೆ ಹಿಡಿದೇ ನಡೆದಳು. ಭಾರ ಬೀಳುವುದನ್ನು ನನ್ನ ತೋಳು ಕಾಯುತ್ತಿತ್ತು. ಬೀಳಲಿಲ್ಲ. ಐದನೆಯ ಹೆಜ್ಜೆಗೆ ಅವಳು ಕೈ ಬಿಟ್ಟಳು. ಓಣಿಯ ಕೊನೆಯ ತನಕ ಹೋದಳು, ತಿರುಗಿ ಬಂದಳು. ಎಡಕ್ಕೆ ತಿರುಗಿದರೂ ಅದೇ, ಬಲಕ್ಕೆ ತಿರುಗಿದರೂ ಅದೇ. ಎದುರು ಮನೆಯ ಮುದುಕಿ, "ಏನ್ ಬೇ ನೀಲಮ್ಮ, ಮಗಳು ನಿನ್ನ ಮುಂದ ಚಪ್ಪಲಿ ಮೆಟ್ಟ್ಯಾಳ?" ಎಂದಳು. ಅತ್ತೆ, "ಮೆಟ್ಟ್ಯಾಳ. ನೋಡು, ಕಣ್ಣ ತುಂಬ ನೋಡು" ಎಂದರು.

ಆಮೇಲಿನದನ್ನು ಹೆಚ್ಚು ಹೇಳುವುದಿಲ್ಲ. ಅದು ಆ ವರ್ಷದ ಮಾತಲ್ಲ. ಶಾಲೆಗಳಲ್ಲಿ ಕನ್ನಡ ಬಂತು, ಕನ್ನಡ ಅಕ್ಷರ ಬಲ್ಲವರನ್ನು ಹುಡುಕುವ ಕಾಲ ಬಂತು. ಹಟ್ಟಿಯ ಚಿನ್ನದ ಗಣಿಯಲ್ಲಿದ್ದ ಅತ್ತೆಯ ಅಣ್ಣ ಶರಣಿಯನ್ನು ಕರೆಸಿಕೊಂಡರು; ಕಾರ್ಮಿಕರ ಮನೆಗಳ ಸಾಲಿನಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತ ನಿಂತವಳು ಅಲ್ಲೇ ನೆಲೆಯಾದಳು. ತಾನೇ ಒಪ್ಪಿ ಗಣಿಯ ಕೆಲಸದ ಒಬ್ಬರನ್ನು ಮದುವೆಯಾದಳು. ಅವರು ನಡಿಗೆ ನೋಡಲಿಲ್ಲವಂತೆ. ಪಾಳಿ ಮುಗಿಸಿ ಬರುವಾಗ ದಿನಾ ಎದುರಿಗೆ ನಡೆದು ಹೋಗುವವಳನ್ನು ಹೊಸದಾಗಿ ನೋಡುವುದೇನಿತ್ತು. ಹಬ್ಬಕ್ಕೆ ಬಂದರೆ ಈಗಲೂ ನನಗೆ ಬೈಯುತ್ತಾಳೆ, "ಏನ್ರಿ ವೈನಿ, ಎಷ್ಟ ಸಾವಕಾಶ ನಡೀತೀರಿ" ಎಂದು, ಹತ್ತು ಹೆಜ್ಜೆ ಮುಂದೆ ನಿಂತು. ದುರುಗಪ್ಪ ಇರುವ ತನಕ ಅವನೇ ಹೊಲಿದು ಕಳಿಸಿದ, ಈಗ ಅವನ ಮೊಮ್ಮಗ.

ಅವಳು ಹೋದ ಮೇಲೆ ನಾನು ಬಾಗಿಗೆ ಹೋಗಲಿಲ್ಲ. ಹೋಗುವವರೂ ಕಡಿಮೆಯಾದರು. ಕರೀಂಸಾಬ ತೀರಿಕೊಂಡ. ದೇವಡಿ ಬಿತ್ತು, ಹೌಜಿನ ಕಲ್ಲು ಎಷ್ಟೋ ಮನೆಗಳ ಪಾಯ ಸೇರಿತು, ತಗ್ಗು ಮುಚ್ಚಿ ಹೊಲ ಮಾಡಿದರು.

ಮೋಟು ಮದರಂಗಿಯ ಹತ್ತಿರ ನಿಂತವಳು, ಇಲ್ಲಿ ಗೇಟು, ಇಲ್ಲಿ ಕಾಲುವೆ ಎಂದು ಅಂದಾಜು ಮಾಡುತ್ತ ಬದುವಿನ ಮೇಲೆ ನಡೆದೆ. ಶೇಂಗಾಕ್ಕೆ ಕಳೆ ತೆಗೆಯುತ್ತಿದ್ದ ಹುಡುಗಿಯೊಬ್ಬಳು ತಲೆಯೆತ್ತಿದಳು.

"ಏನ್ ಕಳಕೊಂಡೀರಿ ಅಮ್ಮಾರ?"

"ಏನಿಲ್ಲವಾ. ಇಲ್ಲೊಂದು ಹೌಜು ಇತ್ತು."

"ಇದ್ರ ಸಿಗತಿತ್ತಲ್ರಿ" ಎಂದು ನಕ್ಕು ಮತ್ತೆ ಕಳೆಗೆ ಬಗ್ಗಿದಳು.

ಬಸ್ಸಿನವರು ಹಾರ್ನು ಹೊಡೆದರು. ಆಗ ನೋಡಿಕೊಂಡೆ. ಬದು ಹಿಡಿದು ಹೊಲಕ್ಕೆ ಒಂದು ಸುತ್ತು ಬಂದಿದ್ದೆ, ಬಲಕ್ಕೇ. ಬಲಗೈಯನ್ನು ಮೈಯಿಂದ ಒಂದಿಷ್ಟು ದೂರ ಹಿಡಿದು ನಡೆದಿದ್ದೆ, ನಡುವೆ ಒಂದು ಕೈ ತೂರುವಷ್ಟು ಜಾಗ ಬಿಟ್ಟು. ಹಾಗೆಯೇ ಹಿಡಿದುಕೊಂಡು ರಸ್ತೆಯ ತನಕ ಬಂದೆ. ಬಸ್ಸು ಹತ್ತುವಾಗ ಸರಳು ಹಿಡಿಯಲು ಆ ಕೈ ಬೇಕಾಯಿತು.